ಮರ ಕಡೆಯುವವರ ಮಗಳು

ಭಾನುವಾರ ಬೆಳಿಗ್ಗೆ ಏಳಕ್ಕೇ ಹಾರೋಹಳ್ಳಿಯಲ್ಲಿ ಬಸ್ಸಿಗೆ ನಿಂತಿದ್ದೆವು. ನಮ್ಮ ಫ್ಯಾಕ್ಟರಿಗೆ ಯಂತ್ರ ಜೋಡಿಸಲು ಪೋಲೆಂಡಿನಿಂದ ಬಂದಿದ್ದ ಇಂಜಿನಿಯರ್ ತೊಕಾರ್ಸ್ಕಾ ಮರುದಿನ ಊರಿಗೆ ಹೊರಡುವವಳು. ಹೋಗುವ ಮೊದಲು ಚನ್ನಪಟ್ಟಣದಲ್ಲಿ ಗೊಂಬೆ ಕಡೆಯುವುದನ್ನು ನೋಡಲೇಬೇಕೆಂದು ಹಟ ಹಿಡಿದಿದ್ದಳು. ನಮ್ಮಪ್ಪನ ಕಸುಬೇ ಅದು ಎಂದು ಬಾಯಿಬಿಟ್ಟದ್ದು ನನ್ನದೇ ತಪ್ಪು. ಮರ ತಿರುಗಿಸಿ ಕಡೆಯುವ ಅಪ್ಪನ ಲೇತ್ ನೆನೆದರೆ ಸಾಕು, ನನಗೆ ಕಸಿವಿಸಿ.

ಬಸ್ಸಿನಲ್ಲಿ ನನಗೆ ಪುಕ್ಕಟೆ ಟಿಕೆಟ್, ಅವಳಿಗೆ ದುಡ್ಡಿನದು. “ಫ್ರೀ ಇರೋದು ನಮ್ ರಾಜ್ಯದ ಹೆಂಗಸ್ರಿಗೆ ಕಣಮ್ಮ,” ಎಂದ ಕಂಡಕ್ಟರ್.

ಕನಕಪುರದಲ್ಲಿ ಇಡ್ಲಿ ತಿಂದು ರಾಮನಗರದ ಬಸ್ಸು ಹತ್ತಿದೆವು. ಕಿಟಕಿಯಾಚೆ ಬಂಡೆಗಳು ಸಾಗುತ್ತಿದ್ದಂತೆ ಅವಳು ತನ್ನ ಮನೆತನದ ಹೆಸರು ಬಿಡಿಸಿ ಹೇಳಿದಳು. ಪೋಲಿಷ್‌ನಲ್ಲಿ ‘ತೊಕಾಶ್’ ಎಂದರೆ ಲೇತ್‌ನಲ್ಲಿ ಕಡೆಯುವವನು. ಆ ವಂಶದ ಗಂಡಸರು ತೊಕಾರ್ಸ್ಕಿ, ಹೆಂಗಸರು ತೊಕಾರ್ಸ್ಕಾ. ಕಡೆಯುವವರಿದ್ದ ಊರಿನ ಹೆಸರಿನಿಂದಲೂ ಬಂದಿರಬಹುದಂತೆ. “ನಾಲ್ಕು ತಲೆಮಾರಿನಿಂದ ಯಾರೂ ಮರ ಕಡೆದಿಲ್ಲ. ನಮ್ಮಪ್ಪ ಟ್ರಾಮ್ ಓಡಿಸುತ್ತಿದ್ದರು,” ಎಂದು ನಕ್ಕಳು.

ನನಗೆ ನಗು ಬರಲಿಲ್ಲ. ಅಣ್ಣನಿಗೆ ಹತ್ತನೇ ವಯಸ್ಸಿಗೇ ಉಳಿ ಕೊಟ್ಟ ಅಪ್ಪ, ನನ್ನ ಕೈಗೆ ಕೊಟ್ಟದ್ದು ಬಣ್ಣಕ್ಕೆ ಹೊಳಪು ತಿಕ್ಕುವ ತಾಳೆಗರಿ ಮಾತ್ರ. ನಾನೂ ಕಡೀತೀನಿ ಎಂದಾಗಲೆಲ್ಲ ಒಂದೇ ಉತ್ತರ: “ಬಳೆ ಸಿಕ್ಕಾಕಂಡ್ರೆ ಕೈಯೇ ಹೋಯ್ತದೆ. ಕೊಟ್ಟ ಮನೆಗೆ ಹೋಗೋಳ್ಗೆ ಉಳಿ ಯಾಕವ್ವ?”

ರಾಮನಗರದಿಂದ ಚನ್ನಪಟ್ಟಣ ಹನ್ನೆರಡು ಕಿಲೋಮೀಟರ್ ಅಷ್ಟೆ. ಆ ದಾರಿಯೇ ನನಗೆ ಮುಗಿಯಲಿಲ್ಲ. ಮನೆಯಲ್ಲಿ ಮುದ್ದೆ, ಬಸ್ಸಾರು ಉಂಡ ಮೇಲೆ ಅಪ್ಪ ಅತಿಥಿಯ ಹೆಸರು ಕೇಳಿದ. ಅರ್ಥ ಹೇಳಿದೆ. ಅಪ್ಪನ ಮುಖ ಅರಳಿತು.

“ಹಂಗಾದ್ರೆ ನಮ್ಮೋರೇ ಅಲ್ವಾ! ಬಾ ತಾಯಿ, ಕೂತ್ಕೊ.”

ಲೇತಿನ ಮುಂದೆ ಕೂರಿಸಿ, ಮೋಟಾರ್ ಹಾಕಿ, ಉಳಿಯನ್ನು ಅವಳ ಕೈಗೇ ಕೊಟ್ಟ. ಹಾಲೆ ಮರ ಸುರುಳಿ ಸುರುಳಿಯಾಗಿ ಬಿಚ್ಚಿಕೊಂಡಿತು. ಅರಗಿನ ಕಡ್ಡಿ ಒತ್ತಿದಳು. ತಿರುಗುವ ಬಿಸಿಗೆ ಕರಗಿ ಕೆಂಪು ಬಣ್ಣ ಮರಕ್ಕೆ ಹತ್ತಿತು.

“ರಕ್ತದಲ್ಲೇ ಐತೆ ಕಣವ್ವ,” ಎಂದ ಅಪ್ಪ.

ನನ್ನ ಮೈಯೆಲ್ಲ ಉರಿಯಿತು. “ನಾಲ್ಕು ತಲೆಮಾರಿನಿಂದ ಕಸುಬು ಬುಟ್ಟೋರ ರಕ್ತದಲ್ಲಿ ಐತೆ. ನಿನ್ ಹೊಟ್ಟೇಲಿ ಹುಟ್ಟಿದ ನನ್ ರಕ್ತದಲ್ಲಿ ಏನೈತಪ್ಪ?”

ತೊಕಾರ್ಸ್ಕಾಗೆ ಮಾತು ತಿಳಿಯದಿದ್ದರೂ ಎದ್ದು ಪಕ್ಕಕ್ಕೆ ನಿಂತಳು. ನಾನು ಬಳೆ ಬಿಚ್ಚಿ ಕಿಟಕಿಯಲ್ಲಿಟ್ಟು ಅವಳ ಜಾಗದಲ್ಲಿ ಕೂತೆ. ಅಪ್ಪ ಮೋಟಾರ್ ಆರಿಸಿದ. ಮುಗಿಯಿತು ಎಂದುಕೊಂಡೆ.

“ಮೊದ್ಲು ದುಪಟ್ಟಾ ಸೊಂಟಕ್ಕೆ ಕಟ್ಕೊ,” ಎಂದು ಹೊಸ ತುಂಡು ಸಿಕ್ಕಿಸಿದ.

ಉಳಿ ಮರವನ್ನು ಕಚ್ಚಿ ಎಗರಿಬಿಟ್ಟಿತು. “ಥೂ ಕತ್ತೆ! ಹಿಂಗಾ ಹಿಡ್ಯೋದು? ಆಯಮ್ಮನೇ ವಾಸಿ!” ಅಣ್ಣನಿಗೆ ಬೈಯುತ್ತಿದ್ದ ಹಾಗೇ ಬೈದ. ಮೂರು ತುಂಡು ಕೆಡಿಸಿದೆ, ಮೂರಕ್ಕೂ ಬೈಸಿಕೊಂಡೆ. ಅಷ್ಟು ಸಂತೋಷ ನನಗೆ ಆ ಮನೆಯಲ್ಲಿ ಯಾವತ್ತೂ ಆಗಿರಲಿಲ್ಲ.

ಐದು ಗಂಟೆಗೆ ಬಸ್ಸು ಹತ್ತಿಸಲು ಅಪ್ಪನೂ ಬಂದ. ತೊಕಾರ್ಸ್ಕಾಗೆ ಕೈಮುಗಿದ. ಬಸ್ಸು ಹೊರಡುವಾಗ ಕಿಟಕಿ ಹತ್ತಿರ ಬಂದು, ನನ್ನ ಮುಖ ನೋಡದೆ ಹೇಳಿದ:

“ಬರೋ ಭಾನ್ವಾರ ಬೇಗ ಬಾ. ನೀನು ಇನ್ನೂ ಬೇಕಾದಷ್ಟು ಮರ ಹಾಳ್ಮಾಡೋದೈತೆ.”