ನಡುಗುವ ಮಸಿ

ಇವತ್ತು ನಲ್ಲಿ ನೀರಿನಿಂದ ಬ್ಲೀಚಿಂಗ್ ಪೌಡರಿನ ವಾಸನೆ ಬಂತು. ಬೆಟಗೇರಿಯ ಆ ಬೇಸಿಗೆ ನೆನಪಾಯಿತು. ಸ್ವಾತಂತ್ರ್ಯ ಬಂದ ಹೊಸತು, ಊರಲ್ಲಿ ಕಾಲರಾ; ಬಾವಿಗಳಿಗೆ ಇದೇ ಪೌಡರ್ ಹಾಕುತ್ತಿದ್ದರು. ಪಕ್ಕದ ಮನೆಯ ಗೆಳತಿ ಗಂಗವ್ವ ತೀರಿಕೊಂಡಿದ್ದಳು. ನೀರಿನಲ್ಲಿ ಕಣ್ಣಿಗೆ ಕಾಣದ ಹುಳಗಳಿವೆ ಎಂದು ದೊಡ್ಡವರು ಪಿಸುಗುಡುತ್ತಿದ್ದರು.

ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸುತ್ತಿದ್ದ ಸೋದರಮಾವ ಸೂಕ್ಷ್ಮದರ್ಶಕವನ್ನು ಮನೆಗೆ ತಂದಿದ್ದ. ಅದರಲ್ಲಿ ಬಾವಿ ನೀರಿನ ಹನಿಯೊಂದನ್ನು ನೋಡಿದೆ. ಕರಿ ಚುಕ್ಕೆಗಳು ಒಂದೇ ಸಮನೆ ನಡುಗುತ್ತಿದ್ದವು. ಆಮೇಲೆ ನಾನು ನೀರು ಮುಟ್ಟಲಿಲ್ಲ. ಮರುದಿನ ಸಂಜೆ ತಲೆ ಸುತ್ತಿ ಬಿದ್ದೆ. ಗಂಗವ್ವನಂತೆಯೇ ನಾನೂ ಹೋದೆನೆಂದು ಅವ್ವ ಅಳತೊಡಗಿದಳು.

ಮಾವ ಕುದಿಸಿ ಆರಿಸಿದ ನೀರಿನ ಹನಿಯೊಂದಕ್ಕೆ ಒಲೆಯ ಮಸಿ ಕಲಸಿ, ನನ್ನನ್ನು ಎತ್ತಿಕೊಂಡು ಸೂಕ್ಷ್ಮದರ್ಶಕದಲ್ಲಿ ತೋರಿಸಿದ. ಮಸಿಯೂ ಹಾಗೆಯೇ ನಡುಗುತ್ತಿತ್ತು.

"ಹುಚ್ಚಿ, ಮಸಿಗೆ ಜೀವ ಐತೇನ? ನೀರಿನ ಕಣ ಕಣ್ಣಿಗೆ ಕಾಣಂಗಿಲ್ಲ. ಅವು ಸುತ್ತಲಿಂದ ಬಡದು ಮಸೀನ ಅಳ್ಳಾಡಸ್ತಾವ. ಈ ಲೋಟದಾಗ ಬರೇ ಕುದಿಸಿದ ನೀರೈತಿ, ಕುಡಿ."

"ಅವು ಯಾವಾಗ ನಿಲ್ತಾವ ಮಾಮಾ?"

"ನಿಲ್ಲೂದ ಇಲ್ಲವ್ವಾ."

ಅವ್ವನ ಸೆರಗು ಹಿಡಿದು, ಕಣ್ಣು ಮುಚ್ಚಿ ಕುಡಿದೆ. ಬದುಕಿಕೊಂಡೆ. ಆದರೆ ಆ ನೀರಿನ ಕಣಗಳು ನನ್ನೊಳಗೂ ನಿಲ್ಲದೆ ಬಡಿಯುತ್ತಿವೆಯೆಂದು ಎಷ್ಟೋ ದಿನ ಹೊಟ್ಟೆ ಹಿಡಿದುಕೊಂಡೇ ಮಲಗಿದೆ.

ಈಗ ಎಂಬತ್ತು ದಾಟಿದೆ. ಲೋಟ ಬಾಯಿಗಿಡುವ ಮುನ್ನ ಇಂದಿಗೂ ಒಮ್ಮೆ ಒಳಗೆ ಇಣುಕುತ್ತೇನೆ.