ಅಕ್ಕಾರು ಕಟ್ಟಿದ ಸ್ಕ್ರಿಪ್ಟು

ಹೋದ ತಿಂಗಳು ಸೇಡಂನಲ್ಲಿ ಬಸ್ಸಿಳಿದು ದಾಲ್ ಮಿಲ್ಲಿನ ಗೋಡೆ ಪಕ್ಕ ನಡೆಯುತ್ತಿದ್ದೆ. ಎಣ್ಣೆ ಸವರಿ ಬಿಸಿಲಿಗೆ ಹರವಿದ ತೊಗರಿಯ ವಾಸನೆ ಮೂಗಿಗೆ ಬಡಿಯಿತು. ಬೇರೆಯವರಿಗೆ ಅದು ಮನೆಯ ಬೇಳೆಸಾರು ನೆನಪಿಸಬಹುದು. ನನಗೆ ಸಿಟ್ಟು ಬರುತ್ತದೆ. ಅದೇ ಅಂಗಳದಲ್ಲಿ ನಮ್ಮ ಅಕ್ಕಾರನ್ನು ನಿಲ್ಲಿಸಿ ಬೈಸಿದ್ದರು...

ಅಕ್ಕಾರು ಅಂದರೆ ಶಹಾಬಾದಿನ ನಮ್ಮ ಸಣ್ಣ ಸಾಫ್ಟ್‌ವೇರ್ ಆಫೀಸಿನ ಹಿರಿಯ ಎಂಜಿನಿಯರ್. ಕಲ್ಲು ಪಾಲಿಶ್ ಮಾಡುವ ಕಾರ್ಖಾನೆಯ ಮೇಲಿನ ಎರಡು ಕೋಣೆಗಳೇ ನಮ್ಮ ಆಫೀಸು. ಸೇಡಂ, ಚಿತ್ತಾಪುರ, ಚಿಂಚೋಳಿಯ ದಾಲ್ ಮಿಲ್ಲುಗಳಿಗೆ, ವಾಡಿಯ ಲಾರಿ ಆಫೀಸಿಗೆ, ಕೆಳಗಿನ ಕಲ್ಲಿನ ಸಾಹುಕಾರರಿಗೆ ತೂಕದ ಸಾಫ್ಟ್‌ವೇರ್ ಬರೆದುಕೊಡುತ್ತಿದ್ದೆವು. ಚೀಲ, ಕಸ, ತೇವಕ್ಕೆಂದು ತೂಕದಲ್ಲಿ ಕಳೆಯುವ ಕಡಿತದ ಲೆಕ್ಕ ಒಬ್ಬೊಬ್ಬರದು ಒಂದೊಂದು ಬಗೆ. ಹಾಗಾಗಿ ಒಂದೊಂದೂ ಬೇರೆ ಪ್ರಾಜೆಕ್ಟು.

ಬರೆದ ಕೋಡನ್ನು ಪರೀಕ್ಷಿಸಿ, ಜೋಡಿಸಿ, ಗ್ರಾಹಕರ ಕಂಪ್ಯೂಟರಿಗೆ ಹಾಕಲು ಸಿದ್ಧಮಾಡುವ ಆದೇಶಗಳಿಗೆ ಬಿಲ್ಡ್ ಸ್ಕ್ರಿಪ್ಟ್ ಅನ್ನುತ್ತಾರೆ. ಅಕ್ಕಾರು ಬರುವ ಮುಂಚೆ ಪ್ರತಿ ಪ್ರಾಜೆಕ್ಟಿನಲ್ಲೂ ಅದರ ಒಂದೊಂದು ನಕಲು ಬಿದ್ದಿತ್ತು. ಸೇಡಂನದು ಸರಿಮಾಡಿದರೆ ವಾಡಿಯದು ಹಳೆಯದಾಗಿಯೇ ಉಳಿಯುತ್ತಿತ್ತು. ಯಾವುದು ಸರಿ, ಯಾವುದು ತಪ್ಪು ಎಂದು ಹುಡುಕುವುದರಲ್ಲೇ ನಮ್ಮ ದಿನ ಕಳೆಯುತ್ತಿತ್ತು. ಅಕ್ಕಾರು ಎಲ್ಲವನ್ನೂ ಒಂದೇ ಜಾಗಕ್ಕೆ ತಂದು ಒಂದೇ ಸ್ಕ್ರಿಪ್ಟು ಕಟ್ಟಿದರು. ಅದರಲ್ಲಿ ಬದಲಾವಣೆಯಾದರೆ ಹೊಸ ಆವೃತ್ತಿ ಹುಟ್ಟುತ್ತಿತ್ತು. ಆದರೆ ಪ್ರಾಜೆಕ್ಟುಗಳು ಒಗ್ಗಿದ ಹಳೆಯ ಆವೃತ್ತಿಯಲ್ಲೇ ಇರುತ್ತಿದ್ದವು. ಪರೀಕ್ಷೆ ಪಾಸಾದ ಮೇಲೇ ಹೊಸದಕ್ಕೆ ಹೋಗಬೇಕು. ಅವರು ನಮಗೆ ಒಂದೇ ಮಾತು ಹೇಳಿದ್ದರು: “ಇದು ಎಲ್ಲರ್ದೂ ಅದ. ಒಬ್ಬರ ಸಲುವಾಗಿ ಇದರಾಗ ಕೈ ಹಾಕಬ್ಯಾಡ್ರಿ.”

ಕೈ ಹಾಕಿದವನು ನಮ್ಮ ಆಫೀಸಿನ ಮಾಲೀಕರ ಭಾವಮೈದುನ, ನಮ್ಮ ಮ್ಯಾನೇಜರ್. ಚಿಂಚೋಳಿಯ ಮಿಲ್ಲಿಗೆ ಬೇಗ ಕೊಡಬೇಕಾಗಿತ್ತಂತೆ. ಆ ಮಿಲ್ಲಿನವರು ಚೀಲಕ್ಕೆ ಹೆಚ್ಚು ತೂಕ ಕಡಿಯುತ್ತಿದ್ದರು. ಆ ಕಡಿತವನ್ನು ಅವನು ಎಲ್ಲರಿಗೂ ಸೇರಿದ ಸ್ಕ್ರಿಪ್ಟಿನೊಳಗೇ ಬರೆದ. ತಡವಾಗುತ್ತದೆಂದು ಪರೀಕ್ಷೆಯನ್ನೇ ತೆಗೆಸಿದ. ಎಲ್ಲ ಪ್ರಾಜೆಕ್ಟುಗಳೂ ಹೊಸ ಆವೃತ್ತಿಯನ್ನೇ ತೆಗೆದುಕೊಳ್ಳಲಿ ಎಂದು ಬದಲಿಸಿದ. ಅಕ್ಕಾರು ಎಲ್ಲರೆದುರೇ ಬೇಡವೆಂದರು. “ನೀವು ಭಾಳ ಅಂಜತೀರಿ,” ಅಂದು ಅವನು ನಕ್ಕ.

ಅದು ತೊಗರಿ ಬರುವ ಕಾಲ. ಸೇಡಂನ ಮಿಲ್ಲಿಗೆ ಹೊಸ ಸಾಫ್ಟ್‌ವೇರ್ ಹೋಯಿತು, ಚಿಂಚೋಳಿಯ ಕಡಿತವನ್ನು ಒಳಗಿಟ್ಟುಕೊಂಡೇ ಹೋಯಿತು. ಕುರಕುಂಟಾದ ರೈತರೊಬ್ಬರು ತಮ್ಮ ಚೀಲಗಳನ್ನು ಮನೆಯಲ್ಲೇ ತೂಗಿ ತಂದಿದ್ದರು. ಚೀಟಿಯಲ್ಲಿ ತೂಕ ಕಡಿಮೆ ಇದ್ದದ್ದು ನೋಡಿದ್ದೇ ಕಾಂಟಾದಲ್ಲಿ, ಅಂದರೆ ತೂಕದ ಕಟ್ಟೆಯಲ್ಲಿ, ಕೂತಿದ್ದ ಗುಮಾಸ್ತನ ಕೊರಳಪಟ್ಟಿ ಹಿಡಿದರು. ಸುದ್ದಿ ಬಂದು ನಾವೆಲ್ಲ ಜೀಪಿನಲ್ಲಿ ಓಡಿದೆವು. ಅಂಗಳದ ತುಂಬ ಜನ. ನಮ್ಮ ಮಾಲೀಕರು ಅಕ್ಕಾರನ್ನು ಮುಂದಕ್ಕೆ ತಳ್ಳಿ ಹೇಳಿದರು: “ಇವ್ರೇ ನೋಡ್ರಿ ಮಾಡಿದವ್ರು.”

ನಾನು ಅಲ್ಲೇ ಕೂಗಿ ಹೇಳಿದೆ, ಬದಲಿಸಿದ್ದು ಇವರಲ್ಲ ಎಂದು. ಯಾರು ಬದಲಿಸಿದರೆಂಬುದು ಕಂಪ್ಯೂಟರಿನಲ್ಲೇ ದಾಖಲಾಗಿತ್ತು. ತೆರೆದು ನೋಡಿದರೆ ಸಾಕಿತ್ತು. ಮಾಲೀಕರು ನನ್ನ ತೋಳು ಹಿಡಿದು ಪಕ್ಕಕ್ಕೆ ಎಳೆದರು. ಭಾವಮೈದುನ ಲಾರಿಯ ಹಿಂದೆ ನಿಂತು ಫೋನಿನಲ್ಲಿ ಮಾತಾಡುತ್ತಿದ್ದ.

ಜನ ಅಕ್ಕಾರಿಗೆ ಏನೇನು ಅಂದರೋ ಅದನ್ನು ಇಲ್ಲಿ ಬರೆಯಲಾರೆ. ಕೇಳಿಸಿಕೊಂಡು ಅವರು ಹೇಳಿದ್ದಿಷ್ಟೇ: “ತಪ್ಪು ನಮ್ಮ ಆಫೀಸಿಂದೇ ಆಗ್ಯಾದ. ಮೊದಲ ನಿಮ್ಮ ತೂಕ ಸರಿಮಾಡಿ ಕೊಡ್ತೀನಿ. ಆಮ್ಯಾಲ ಎಷ್ಟ ಬೈಬೇಕಂತೀರಿ, ಬೈರಿ.”

ಕಾಂಟಾದ ಕೋಣೆಯಲ್ಲಿ ಕುಳಿತು ಸ್ಕ್ರಿಪ್ಟಿನ ಹಳೆಯ ಆವೃತ್ತಿಗೆ ಹೋಗಿ ಸಾಫ್ಟ್‌ವೇರನ್ನು ಮತ್ತೆ ಕಟ್ಟಿದರು. ಕಡಿತಕ್ಕೆ ಮುಂಚಿನ ತೂಕ ಕಂಪ್ಯೂಟರಿನಲ್ಲಿ ಉಳಿದಿತ್ತು, ಪುಣ್ಯ. ಹೊಸ ಚೀಟಿ ಎಲ್ಲರ ಕೈ ಸೇರುವವರೆಗೂ ಏಳಲಿಲ್ಲ. ಕೊರಳಪಟ್ಟಿ ಹಿಡಿದಿದ್ದ ರೈತರು ಮಾತ್ರ ಹೋಗುವಾಗ, “ತಪ್ಪು ತಿಳೀಬ್ಯಾಡ್ರಿ ಅಕ್ಕಾರ,” ಅಂದರು.

ಮರುವಾರವೇ ಅಕ್ಕಾರನ್ನು ಕೆಲಸದಿಂದ ತೆಗೆದರು. ತೂಕ ತಪ್ಪಿಸಿದ ಹೆಂಗಸು ಎಂದು ಐದೂ ಊರಲ್ಲಿ ಹೇಳಿಸಿದರು. ನಾನೂ ಬಿಟ್ಟೆ. ಅವರು ಕಲಬುರಗಿಯ ಕಾಲೇಜೊಂದರಲ್ಲಿ ಕಂಪ್ಯೂಟರ್ ಕಲಿಸುತ್ತಿದ್ದರು... ಆಮೇಲೆ ಕಾಯಿಲೆ ಬಿದ್ದರು. ಸುದ್ದಿ ಸಿಕ್ಕು ನಾನು ಹೋಗುವಷ್ಟರಲ್ಲಿ ಮಣ್ಣು ಮಾಡಿಯಾಗಿತ್ತು.

ಹೋದ ತಿಂಗಳು ನನ್ನನ್ನು ಸೇಡಂಗೆ ಕರೆಸಿದ್ದು ಅದೇ ಭಾವಮೈದುನ. ಈಗ ಆಫೀಸು ಅವನದೇ, ಸೇಡಂನಲ್ಲೂ ಒಂದು ಶಾಖೆ. ಕೆಲಸಕ್ಕೆ ಜನ ಬೇಕಿತ್ತಂತೆ. ಕಂಪ್ಯೂಟರ್ ತೆರೆದು ಹೆಮ್ಮೆಯಿಂದ ತೋರಿಸಿದ: “ಎಲ್ಲಾ ಪ್ರಾಜೆಕ್ಟಿಗೂ ಒಂದೇ ಸ್ಕ್ರಿಪ್ಟ್ ಅದ ನೋಡ್ರಿ. ನಾನೇ ಮಾಡೀನಿ.”

ಅಕ್ಕಾರದೇ ಬರಹ. ಪ್ರತಿ ಪ್ರಾಜೆಕ್ಟಿಗೂ ಅದರದೇ ಆವೃತ್ತಿ, ಮೊದಲು ಪರೀಕ್ಷೆ. ಮೇಲಿದ್ದ ಅವರ ಹೆಸರೊಂದನ್ನು ಮಾತ್ರ ಅಳಿಸಿದ್ದ. ಇದು ಯಾರು ಬರೆದದ್ದೆಂದು ಹೇಳಿದೆ.

“ಅವ್ರಾ? ಈಗ ಎಲ್ಲಿದಾರ?”

“ಇಲ್ರಿ ಅವರು. ತೀರಿಕೊಂಡ್ರು.”

“ಅಯ್ಯ, ಪಾಪ,” ಅಂದ. ಆಮೇಲೆ ಯಾವಾಗಿನಿಂದ ಕೆಲಸಕ್ಕೆ ಬರುತ್ತೀರಿ ಎಂದು ಕೇಳಿದ. ಅವನಿಗಾಗಿ ನಾನು ಒಂದು ಸಾಲೂ ಬರೆಯುವುದಿಲ್ಲವೆಂದು ಹೇಳಿ ಎದ್ದು ಬಂದೆ.

ಈಗಲೂ ಬಿಲ್ಡ್ ಎಲ್ಲಾದರೂ ಸಿಕ್ಕಿಕೊಂಡರೆ ಅಕ್ಕಾರನ್ನು ಕೇಳೋಣವೆಂದು ಫೋನಿಗೆ ಕೈ ಹೋಗುತ್ತದೆ... ಅವರಿಲ್ಲ. ಇದೆಲ್ಲ ಮರೆತುಬಿಡು ಎಂದು ಮನೆಯವರು ಹೇಳುತ್ತಾರೆ. ನಾನು ಮರೆಯುವುದಿಲ್ಲ.