ಪೂರ್ತಿ ಬಿಸಿಲು ಬೀಳುವ ಜಾಗ

ಕಳೆದ ವಾರ ಭಾವಿಕೇರಿಯ ಅತ್ತೆ ತನ್ನ ಹಳೆಯ ಸೋಲಾರ್ ಪ್ಲೇಟನ್ನು ಮೀನಿನ ಟೆಂಪೋದಲ್ಲಿ ಕಾರವಾರದ ನಮ್ಮ ಮನೆಗೆ ಕಳಿಸಿದಳು. ಅವಳಲ್ಲಿಗೆ ಕರೆಂಟ್ ಬಂದು ವರ್ಷಗಳಾದವು. "ಸುಮ್ನೆ ಜಾಗ ತಿಂತದೆ" ಅಂದಳು ಫೋನಿನಲ್ಲಿ. ಟೆರೇಸಿನಲ್ಲಿಟ್ಟು ಸೋಪಿನ ನೀರಿನಲ್ಲಿ ಒರೆಸುತ್ತಿದ್ದಾಗ ಮೂಲೆಯ ಬೋಲ್ಟಿನಲ್ಲಿ ನೀಲಿ ನೈಲಾನ್ ದಾರದ ಗಂಟೊಂದು ಕಂಡಿತು. ಮೀನು ಬಲೆಯ ದಾರ. ಉಗುರಿನಿಂದ ಬಿಚ್ಚಲು ನೋಡಿದೆ. ಅತ್ತೆ ಹಾಕಿದ ಗಂಟು, ಹಾಗೆಲ್ಲ ಬಿಚ್ಚುವಂಥದ್ದಲ್ಲ. ಅದರ ಕತೆ ನಿಮಗೆ ಹೇಳಬೇಕು. ಅದರಲ್ಲಿ ನನ್ನ ಜಾಣತನದ ಪಾಲೂ ಇದೆ.

ಎರಡು ಸಾವಿರದ ಇಸವಿ ದಾಟಿ ನಾಲ್ಕೈದು ವರ್ಷಗಳಾಗಿದ್ದವು. ಅತ್ತೆ ಅಂದರೆ ಅಪ್ಪನ ತಂಗಿ. ಮಾವ ತೀರಿಕೊಂಡ ಮೇಲೆ ಕಾರವಾರದ ಬೈತಖೋಲದಲ್ಲಿದ್ದ ನಮ್ಮ ಮನೆಯಲ್ಲೇ ಇದ್ದಳು. ಯಾರೂ ಅವಳಿಗೆ ಕಡಿಮೆ ಮಾಡಿರಲಿಲ್ಲ. ಆದರೆ ಸಾರಿಗೆ ಎಷ್ಟು ಹುಳಿ ಎಂದು ತೀರ್ಮಾನಿಸುವವಳು ನಮ್ಮ ಅಮ್ಮ. ಆರು ವರ್ಷ ಅಮ್ಮನ ಹುಳಿ ಉಂಡ ಅತ್ತೆ, ಕೊನೆಗೆ ಭಾವಿಕೇರಿಯಲ್ಲಿ ಮಾವನ ಪಾಲಿಗೆ ಬಂದಿದ್ದ ತುಂಡು ಜಾಗದಲ್ಲಿ ಮನೆ ಕಟ್ಟಿಸಿಕೊಂಡಳು. ಒಂದು ಕೋಣೆ, ಒಂದು ಒಲೆ, ಮೇಲೆ ಹಂಚು. ಕರೆಂಟ್ ಕಂಬಗಳು ಮಾತ್ರ ಉಪ್ಪುನೀರು ನುಗ್ಗುವ ಗಜನಿ ಗದ್ದೆಯ ಆಚೆಯೇ ನಿಂತುಬಿಟ್ಟಿದ್ದವು.

ಅಪ್ಪನಿಗೆ ಅದೇ ಚಿಂತೆ. ಹಿಂದೊಮ್ಮೆ ಚಿಮಣಿ ಬುಡ್ಡಿಯ ಬೆಂಕಿ ಅವಳ ಸೆರಗಿಗೆ ಹತ್ತಿತ್ತು. "ನೋಡ್ ತಂಗಿ, ಹೋಳಿ ತನಕ ನಿಂಗೆ ಬಿಟ್ಟಿದ್ದು. ಆಮೇಲೂ ಬುಡ್ಡಿ ಹಚ್ಕಂಡೇ ಇರೂದಾದ್ರೆ ಪಾತ್ರೆ ಪಗಡಿ ಕಟ್ಕಂಡು ನಮ್ಮನಿಗೇ ಬಂದ್ಬಿಡು" ಅಂದ. ಅತ್ತೆ ನನ್ನ ಕಡೆ ನೋಡಿದಳು.

ನಾನಾಗ ಹೈಸ್ಕೂಲಿನ ಪ್ರಯೋಗಶಾಲೆಯಲ್ಲಿ ಅಟೆಂಡರ್. ತಂತಿ, ಮೀಟರು ಮುಟ್ಟಿದವನು ಎಂಬ ಕಾರಣಕ್ಕೆ ಮನೆಯವರ ಕಣ್ಣಿಗೆ ಅರ್ಧ ಇಂಜಿನಿಯರು. ಆ ಗೌರವವನ್ನು ನಾನೂ ನಿರಾಕರಿಸಿರಲಿಲ್ಲ. ಸೋಲಾರೇ ದಾರಿ ಎಂದು ನೋಟುಬುಕ್ಕು ತೆಗೆದು ಲೆಕ್ಕ ಹಾಕಿದೆ: ದೀಪ ಎರಡು, ದಿನಕ್ಕೆ ನಾಲ್ಕು ತಾಸು, ರೇಡಿಯೋ ಒಂದು. "ರೇಡಿಯೋಕ್ಕೆ ಸೆಲ್ ಅದೆ, ಹೊಡದ್ಹಾಕು" ಅಂದಳು ಅತ್ತೆ. "ಒಂದ್ ದೀಪ ಒಲೆ ಮೇಲೇ ಬರ್ಬೇಕು. ಮೀನಿನ ಮುಳ್ಳು ಕಾಣ್ಬೇಕು ನಂಗೆ."

ಪ್ಲೇಟು ಎಲ್ಲಿಡುವುದೆಂದು ಮೂರು ದಿನ ಹುಡುಕಿದೆ. ಅಂಗಳದಲ್ಲಿ ಕೋಲು ನೆಟ್ಟು, ತಾಸಿಗೊಮ್ಮೆ ತೆಂಗಿನ ನೆರಳು ಎಲ್ಲಿಗೆ ಬಂತೆಂದು ಕಲ್ಲಿಟ್ಟು ಗುರುತು ಮಾಡಿದೆ. ಅತ್ತೆ ಮೀನು ಬುಟ್ಟಿ ಬೋರಲು ಹಾಕಿ ಅದರ ಮೇಲೆ ಕೂತು ನೋಡುತ್ತಿದ್ದಳು. "ತಮಾ, ನೆರಳು ಹಿಡೂಕೆ ರಜೆ ಹಾಕಿ ಬಂದ್ಯಾ?"

"ಇಡೀ ದಿನ ಒಂಚೂರೂ ನೆರಳು ಬೀಳದ ಜಾಗ ಬೇಕು ಅತ್ತೆ. ಪೂರ್ತಿ ಬಿಸಿಲು."

ಸಿಕ್ಕಿತು. ಹಂಚಿನ ಮೇಲೆ ಭಾರ ಬೇಡವೆಂದು ಅಲ್ಲೇ ಎದೆಯೆತ್ತರದ ಕಬ್ಬಿಣದ ಸ್ಟ್ಯಾಂಡ್ ನಿಲ್ಲಿಸಿ, ಪ್ಲೇಟನ್ನು ದಕ್ಷಿಣಕ್ಕೆ ವಾಲಿಸಿ ಕೂರಿಸಿದೆವು. ಮೊದಲ ವಾರ ದೀಪ ಚೆನ್ನಾಗಿಯೇ ಉರಿಯಿತು. ಆಮೇಲೆ ಹತ್ತಿಸಿದ ಅರ್ಧ ತಾಸಿಗೇ ಚಾರ್ಜು ಮುಗಿಯಿತೆಂದು ಬ್ಯಾಟರಿ ಪೆಟ್ಟಿಗೆಯ ಕೆಂಪು ಕಣ್ಣು ತೆರೆಯತೊಡಗಿತು.

ಶಾಲೆ ಬಿಟ್ಟ ಮೇಲೆ ಬಸ್ಸು ಹತ್ತಿ ಹೋಗಿ ತಂತಿ ಬಿಚ್ಚಿ ಕಟ್ಟಿದೆ. ಬ್ಯಾಟರಿಗೆ ನೀರು ಹಾಕಿದೆ. ಮಾರಿದ ಅಂಗಡಿಯವನನ್ನು ಮನಸ್ಸಿನಲ್ಲೇ ಬೈದೆ. ಪ್ಲೇಟು ಮಾತ್ರ ಯಾವಾಗ ನೋಡಿದರೂ ಕನ್ನಡಿಯ ಹಾಗೆ ಹೊಳೆಯುತ್ತಿತ್ತು. ಹೋಳಿ ಹಬ್ಬಕ್ಕೆ ಎಂಟು ದಿನ ಉಳಿದಿತ್ತು. ಅತ್ತೆ ಒಂದೆರಡು ಡಬ್ಬಿಗಳನ್ನು ಆಗಲೇ ಚೀಲಕ್ಕೆ ತುಂಬಿದ್ದು ಕಂಡೂ ಕಾಣದವನಂತೆ ಬಂದೆ.

ಆ ಭಾನುವಾರ ಮಧ್ಯಾಹ್ನ ಹೇಳದೇ ಹೋದೆ. ಪ್ಲೇಟಿನ ತುಂಬ ಬಂಗಡೆ. ಸೀಳಿ ಉಪ್ಪು ಸವರಿದ ಬಂಗಡೆಗಳು ಸಾಲಾಗಿ ಮಲಗಿದ್ದವು. ಜಾರದಿರಲೆಂದು, ಕಾಗೆ ಮುಟ್ಟದಿರಲೆಂದು ಮೇಲೆ ನೀಲಿ ಬಲೆ. ನಾಲ್ಕು ಮೂಲೆಗೂ ಗಂಟು.

"ಅತ್ತೆ, ಇದೆಂತದು?"

"ನೀನೇ ಹೇಳಿದ್ಯಲ್ಲ, ಇಡೀ ದಿನ ಬಿಸಿಲು ಅಂತ. ನಾಯಿಗೂ ಎಟುಕೂದಿಲ್ಲ. ಇಂಥಾ ಜಾಗ ಯಾರಾದ್ರೂ ಖಾಲಿ ಬಿಡ್ತ್ರನಾ?" ಸಂಜೆಯಾಗುತ್ತಲೇ ಮೀನು ತೆಗೆದು, ನನಗೆ ವಾಸನೆ ಬರಬಾರದೆಂದು ಗಾಜನ್ನು ತಿಕ್ಕಿ ಒರೆಸಿಡುತ್ತಿದ್ದಳಂತೆ.

"ಮೀನಿನಡಿ ಅದಕ್ಕೆ ಬಿಸಿಲೆಲ್ಲಿ ಸಿಗ್ತದೆ?"

"ಕೈ ಇಟ್ ನೋಡು, ಸುಡ್ತದೆ."

ಅದಕ್ಕೆ ಬೇಕಾದದ್ದು ಬಿಸಿಯಲ್ಲ, ಬೆಳಕು ಎಂದೆ. ಅತ್ತೆ ಒಂದೊಂದೇ ಗಂಟು ಬಿಚ್ಚಿದಳು. ನಾಲ್ಕನೆಯದು ಬಿಚ್ಚಲಾಗದೆ, ಗಂಟನ್ನು ಬೋಲ್ಟಿನಲ್ಲೇ ಬಿಟ್ಟು ಬಲೆಯನ್ನು ಕತ್ತಿಯಿಂದ ಕೊಯ್ದಳು. "ನನ್ ಮನೆ ನಾನೇ ಕಳ್ಕಂತಿದ್ನಲ್ಲ ತಮಾ" ಅಂದಳು. "ಅಣ್ಣಂಗೆ ಹೇಳ್ಬೇಡ."

ಅವತ್ತೇ ಪ್ಲೇಟಿನ ಬದಿಗೆ, ಅದರ ಮೇಲೆ ನೆರಳು ಬೀಳದ ಹಾಗೆ, ಬಿದಿರಿನದೊಂದು ಅಟ್ಟಣಿಗೆ ಕಟ್ಟಿಕೊಟ್ಟೆ. ಮೀನಿಗೂ ಜಾಗ ಬೇಕೆಂಬುದು ನನ್ನ ನೋಟುಬುಕ್ಕಿನಲ್ಲಿ ಎಲ್ಲೂ ಇರಲಿಲ್ಲ. ಅವಳು ಬದುಕುವುದೇ ಒಣಮೀನು ಮಾರಿ ಎಂದು ಗೊತ್ತಿದ್ದೂ ನಾನು ಬರೀ ದೀಪ ಎಣಿಸಿದ್ದೆ.

ಹೋಳಿಯ ಮರುದಿನ ಅಪ್ಪ ಅವಳ ಸಾಮಾನು ಒಯ್ಯಲು ಟೆಂಪೋ ಹೇಳಿಯೇ ಬಂದ. ಮುಸ್ಸಂಜೆ ಒಲೆಯ ಮೇಲಿನ ದೀಪ ಹತ್ತಿತು. ಅಪ್ಪ ಪೆಟ್ಟಿಗೆಯ ಹಸಿರು ಕಣ್ಣನ್ನೇ ನೋಡುತ್ತ ಕೂತ. ಎರಡು ತಾಸಾದರೂ ಅದು ಕೆಂಪಾಗಲಿಲ್ಲ. ಅತ್ತೆ ಅನ್ನ ಬಡಿಸಿ, ಸುಟ್ಟ ಒಣಬಂಗಡೆ ಇಟ್ಟಳು. ಸಾರಿಗೆ ಅವಳಿಗೆ ಬೇಕಾದಷ್ಟೇ ಹುಳಿ.

"ಬಂಗಡೆ ಚಲೋ ಒಣಗದೆ ತಂಗಿ. ಎಲ್ಲಿ ಒಣಗ್ಸಿದ್ದು?"

"ಬಿಸಿಲಲ್ಲಿ" ಅಂದಳು ಅತ್ತೆ, ನನ್ನ ಕಡೆ ನೋಡದೆ.

ಟೆಂಪೋ ಖಾಲಿ ವಾಪಸು ಹೋಯಿತು.

ಗಂಟನ್ನು ಹಾಗೇ ಬಿಟ್ಟೆ. ಟೆರೇಸಿನಲ್ಲಿ ನೆರಳು ಬೀಳದ ಜಾಗ ಹುಡುಕಿ ಪ್ಲೇಟನ್ನು ನಿಲ್ಲಿಸುವ ಹೊತ್ತಿಗೆ ಹೆಂಡತಿ ಹಪ್ಪಳದ ಚಾಪೆ ಹಿಡಿದು ಮೆಟ್ಟಿಲು ಹತ್ತಿ ಬಂದಳು. ಅವಳು ಬಾಯಿ ತೆರೆಯುವ ಮೊದಲೇ ನಾನು ಪ್ಲೇಟನ್ನು ಎರಡು ಮೊಳ ಆಚೆ ಸರಿಸಿದೆ.